ಶಾಲೆಗೆ ಹೋಗದ ಸಂಪಾದಕ

ಹೋದ ವರ್ಷ ನವೆಂಬರ್ 11ರಂದು ನಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಶಿಕ್ಷಣ ದಿನ ಆಚರಿಸಿದಾಗ ನಾನು ಮೌಲಾನಾ ಅಬುಲ್ ಕಲಾಂ ಆಜಾದ್ ಅವರ ಬಗ್ಗೆ ಐದು ನಿಮಿಷ ಮಾತನಾಡಿದ್ದೆ. ಆಗ ನಾನು ಪ್ರಥಮ ಪಿಯುಸಿಯಲ್ಲಿದ್ದೆ. ಎರಡನೇ ಬಹುಮಾನ ಬಂತು. ಭಾಷಣವನ್ನು ಇದೇ ವಾರ್ತಾಪತ್ರದಲ್ಲಿ ನನ್ನ ಫೋಟೋದ ಜೊತೆ ಅಚ್ಚು ಹಾಕಿದರು. ಅಮ್ಮಿ ಆ ಪುಟವನ್ನು ಕತ್ತರಿಸಿ ಶೋಕೇಸಿನ ಗಾಜಿಗೆ ಅಂಟಿಸಿದ್ದಾರೆ. ಮನೆಗೆ ಬಂದವರೆಲ್ಲ ನೋಡುತ್ತಾರೆ.

ಆ ಭಾಷಣದಲ್ಲಿ ಒಂದು ದೊಡ್ಡ ತಪ್ಪಿತ್ತು. ಆಜಾದರು ಕೈರೋದ ಪ್ರಸಿದ್ಧ ಅಲ್ ಅಝ್‌ಹರ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಪಡೆದರು ಎಂದು ನಾನು ಹೇಳಿದ್ದೆ. ಹೇಳುವಾಗ ಸ್ವಲ್ಪ ಧ್ವನಿ ಏರಿಸಿಯೂ ಇದ್ದೆ, ಅಲ್ಲಿ ಚಪ್ಪಾಳೆ ಬಂದಿತ್ತು. ಒಂದು ಭಾಷಣ ಸಂಗ್ರಹದಿಂದ ತೆಗೆದುಕೊಂಡ ಸಾಲು ಅದು. ಅವರು ಅಲ್ಲಿ ಒಂದು ದಿನವೂ ವಿದ್ಯಾರ್ಥಿಯಾಗಿರಲಿಲ್ಲ. ಸಭಾಂಗಣದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೂ ಈ ದಸರಾ ರಜೆಯವರೆಗೆ ಗೊತ್ತಿರಲಿಲ್ಲ.

ಈ ವರ್ಷ ನನ್ನನ್ನು ವಾರ್ತಾಪತ್ರದ ವಿದ್ಯಾರ್ಥಿ ಸಂಪಾದಕ ಮಂಡಳಿಗೆ ಸೇರಿಸಿದ್ದಾರೆ. ವರದಿ ಬರೆಯುವುದು ಹೇಗೆ, ಸಂದರ್ಶನಕ್ಕೆ ಪ್ರಶ್ನೆ ತಯಾರಿಸುವುದು ಹೇಗೆ ಎಂದು ಕನ್ನಡ ಮೇಡಂ ಪ್ರತಿ ಶನಿವಾರ ಮಧ್ಯಾಹ್ನ ನಮಗೆ ಹೇಳಿಕೊಡುತ್ತಾರೆ. ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದೇ ಪಾಠ ಶುರು ಮಾಡುತ್ತಾರೆ. ಏಳನೆಯದೊಂದು ಪ್ರಶ್ನೆಯನ್ನು ಅವರು ಬರೆಯುವುದಿಲ್ಲ, ಕೇಳುತ್ತಾರೆ: ನಿನಗೆ ಇದು ಹೇಗೆ ಗೊತ್ತಾಯಿತು? ದಸರಾ ರಜೆಗೆ ಮುಂಚೆ ಅವರು ಕೊಟ್ಟ ಕೆಲಸವೆಂದರೆ, ವಿದ್ಯಾರ್ಥಿ ದೆಸೆಯಲ್ಲೇ ಪತ್ರಿಕೋದ್ಯಮ ಕಲಿತ ಒಬ್ಬರ ಜೀವನವನ್ನು ಅವರ ಮಾತುಗಳನ್ನು ಎತ್ತಿ ಹಾಕದೆ ನಮ್ಮ ಮಾತಿನಲ್ಲೇ ಬರೆಯುವುದು. ಉದ್ಧರಣ ಚಿಹ್ನೆಯ ಹಿಂದೆ ಬಚ್ಚಿಟ್ಟುಕೊಳ್ಳಬಾರದು ಎಂಬುದು ಅವರ ಷರತ್ತು.

ನಾನು ಮತ್ತೆ ಆಜಾದರನ್ನೇ ಆರಿಸಿದೆ. ಸುಲಭವಾಗುತ್ತದೆ, ಹೋದ ವರ್ಷದ ಭಾಷಣ ಇದ್ದೇ ಇದೆ ಎಂಬ ಲೆಕ್ಕಾಚಾರ. ಇನ್ನೊಂದು ಕಾರಣವೂ ಇತ್ತು. ಆರರಿಂದ ಹತ್ತನೇ ತರಗತಿಯವರೆಗೆ ನಾನು ಓದಿದ್ದು ಸರಕಾರಿ ಮೌಲಾನಾ ಆಜಾದ್ ಮಾದರಿ ಶಾಲೆಯಲ್ಲಿ. ಐದು ವರ್ಷ ಆ ಹೆಸರಿನ ಕೆಳಗೆ ನಡೆದು ಒಳಗೆ ಹೋಗಿದ್ದೇನೆ. ಆದರೂ ಅವರ ಟೋಪಿ, ಗಡ್ಡ, ಕನ್ನಡಕ ಬಿಟ್ಟರೆ ನನಗೆ ನಿಜವಾಗಿ ತಿಳಿದಿದ್ದು ಹುಟ್ಟಿದ ದಿನಾಂಕ ಮಾತ್ರ.

ರಜೆಯಲ್ಲಿ ಅಜ್ಜನ ಮನೆಗೆ ಹೋದೆ. ನಮ್ಮ ನಾನಾ ಉರ್ದು ಪ್ರಾಥಮಿಕ ಶಾಲೆಯ ನಿವೃತ್ತ ಶಿಕ್ಷಕರು. ನನಗೆ ಉರ್ದು ಮಾತನಾಡಲು ಬರುತ್ತದೆ, ಓದುವುದು ಕೂಡಿಸಿ ಕೂಡಿಸಿ ಮಾತ್ರ. ಹಾಗಾಗಿ ಉರ್ದುವಿನದ್ದನ್ನು ಅವರು ಓದಿ ಹೇಳುವುದು, ಕಾಲೇಜು ಲೈಬ್ರರಿಯಿಂದ ತಂದ ಇಂಗ್ಲಿಷಿನದ್ದನ್ನು ನಾನು ಓದಿ ಹೇಳುವುದು ಎಂದು ಒಪ್ಪಂದವಾಯಿತು. ಎರಡನೇ ದಿನವೇ ‘ಇಂಡಿಯಾ ವಿನ್ಸ್ ಫ್ರೀಡಂ’ ಪುಸ್ತಕದಲ್ಲಿ ನನ್ನ ತಪ್ಪು ನನಗೇ ಸಿಕ್ಕಿತು.

ಅದರ ಕಥೆ ಹೀಗಿದೆ. ಗಾಂಧೀಜಿಯವರ ಕಾರ್ಯದರ್ಶಿ ಮಹದೇವ ದೇಸಾಯಿ ಅವರು ಆಜಾದರ ಜೀವನಚರಿತ್ರೆ ಬರೆಯುವಾಗ ಕೆಲವು ಪ್ರಶ್ನೆಗಳನ್ನು ಕೇಳಿ ಉತ್ತರ ಪಡೆದಿದ್ದರು. ಸುಮಾರು 20ರ ವಯಸ್ಸಿನಲ್ಲಿ ಪಶ್ಚಿಮ ಏಷ್ಯಾದ ಪ್ರವಾಸ ಮಾಡಿ ಈಜಿಪ್ಟ್‌ನಲ್ಲಿ ತಂಗಿದ್ದಾಗಿ ಆಜಾದರು ಒಂದು ಕಡೆ ತಿಳಿಸಿದ್ದರು. ಹಳೆಯ ಕ್ರಮದ ಶಿಕ್ಷಣ ಭಾರತದಲ್ಲಷ್ಟೇ ಅಲ್ಲ, ಅಲ್ ಅಝ್‌ಹರ್‌ನಲ್ಲೂ ತೃಪ್ತಿಕರವಾಗಿಲ್ಲ ಎಂದು ಇನ್ನೊಂದು ಕಡೆ ಹೇಳಿದ್ದರು. ದೇಸಾಯಿಯವರು ಎರಡನ್ನೂ ಜೋಡಿಸಿ, ಇವರು ಓದಲಿಕ್ಕೆಂದೇ ಈಜಿಪ್ಟ್‌ಗೆ ಹೋಗಿದ್ದರು ಎಂದುಕೊಂಡರು. ಎರಡು ಉತ್ತರಗಳೂ ಸರಿ, ಜೋಡಣೆ ತಪ್ಪು. ಆಮೇಲೆ ಪುಸ್ತಕದಿಂದ ಪುಸ್ತಕಕ್ಕೆ, ಭಾಷಣದಿಂದ ಭಾಷಣಕ್ಕೆ ಅದು ಹರಿದು ನನ್ನ ಬಾಯಿಯವರೆಗೂ ಬಂತು. ಆಜಾದರು ತಮ್ಮ ಕೊನೆಯ ವರ್ಷಗಳಲ್ಲಿ ಹೇಳಿ ಬರೆಸಿದ ಈ ಪುಸ್ತಕದಲ್ಲಿ ಅದನ್ನು ಸ್ಪಷ್ಟವಾಗಿ ಅಲ್ಲಗಳೆದಿದ್ದಾರೆ.

ಮಹದೇವ ದೇಸಾಯಿಯಂಥವರೇ ಎಡವಿದ್ದಾರೆಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅವರು ಮುಖಾಮುಖಿ ಕೇಳಿಯಾದರೂ ತಪ್ಪು ಮಾಡಿದರು, ನಾನು ಕೇಳದೆಯೇ ಮಾಡಿದೆ. ನಾನಾರಿಗೆ ಹೇಳಿದಾಗ ಅವರು ನಗಲಿಲ್ಲ, ಬೈಯಲೂ ಇಲ್ಲ. ಹಾಗಾದರೆ ಅವರು ಓದಿದ್ದು ಎಲ್ಲಿ ಎಂದು ಹುಡುಕು ಬೇಟಾ ಎಂದಷ್ಟೇ ಹೇಳಿದರು.

ಅವರು ಯಾವ ಶಾಲೆಯಲ್ಲೂ ಓದಿರಲಿಲ್ಲ!

ಆಜಾದರು ಹುಟ್ಟಿದ್ದು 1888ರಲ್ಲಿ, ಮಕ್ಕಾದಲ್ಲಿ. ತಂದೆ ಮೌಲಾನಾ ಖೈರುದ್ದೀನ್ ದೊಡ್ಡ ವಿದ್ವಾಂಸರು ಮತ್ತು ಪೀರ್. ಬಂಗಾಳದಲ್ಲಿ, ಮುಂಬಯಿಯಲ್ಲಿ ಅವರಿಗೆ ಸಾವಿರಾರು ಮುರೀದರಿದ್ದರು. ತಾಯಿ ಅರಬ್ ಮನೆತನದವರು. ಮಗು ಚಿಕ್ಕದಿದ್ದಾಗಲೇ ಕುಟುಂಬ ಕಲ್ಕತ್ತಾಕ್ಕೆ ಬಂತು, ತಾಯಿ ಬೇಗ ತೀರಿಕೊಂಡರು. ತಂದೆಗೆ ಇಂಗ್ಲಿಷ್ ಶಿಕ್ಷಣದಲ್ಲಿ ನಂಬಿಕೆ ಇರಲಿಲ್ಲ. ಕಲ್ಕತ್ತಾದ ಮದ್ರಸದ ಪಾಠವೂ ಅವರಿಗೆ ಸಾಲದು ಎನಿಸಿತು. ಹಾಗಾಗಿ ಪಾಠವೆಲ್ಲ ಮನೆಯಲ್ಲೇ ನಡೆಯಿತು. ಮೊದಲು ತಂದೆಯೇ ಕಲಿಸಿದರು, ಆಮೇಲೆ ವಿಷಯಕ್ಕೊಬ್ಬರಂತೆ ಗುರುಗಳನ್ನು ಮನೆಗೆ ಕರೆಸಿದರು. ಅರಬಿ, ಪಾರ್ಸಿ, ತತ್ವಶಾಸ್ತ್ರ, ರೇಖಾಗಣಿತ, ಬೀಜಗಣಿತ. ಸಾಮಾನ್ಯವಾಗಿ 20-25 ವರ್ಷಕ್ಕೆ ಮುಗಿಯುತ್ತಿದ್ದ ಪಠ್ಯವನ್ನು ಹುಡುಗ 16ಕ್ಕೆ ಮುಗಿಸಿದ. ಕಲಿತದ್ದನ್ನು ಕಲಿಸಿ ತೋರಿಸಬೇಕೆಂಬುದು ಆ ಕಾಲದ ಪದ್ಧತಿ. ಅದಕ್ಕೆಂದು ತಂದೆ ಸುಮಾರು 15 ಶಿಷ್ಯರನ್ನು ಒಟ್ಟುಮಾಡಿ ಮಗನ ಮುಂದೆ ಕೂರಿಸಿದರು.

ಓದು ಅಷ್ಟೇ ಆಗಿದ್ದರೆ ಅವರು ತಂದೆಯ ಗಾದಿಯಲ್ಲಿ ಕೂತು, ಮುರೀದರು ಕೈಗೆ ಮುತ್ತಿಡುವಂಥ ಇನ್ನೊಬ್ಬ ಪೀರ್ ಆಗುತ್ತಿದ್ದರು. ಮನೆಯವರು ಬಯಸಿದ್ದೂ ಅದನ್ನೇ. ನನ್ನ ಕಡೆಯದೊಂದು ಮಾತು ಇಲ್ಲಿ ಹೇಳುತ್ತೇನೆ. ನಾನು ಪಿಸಿಎಂಬಿ ವಿದ್ಯಾರ್ಥಿನಿ. ನೀಟ್ ಪರೀಕ್ಷೆ ಇರುವ ವರ್ಷದಲ್ಲಿ ಶನಿವಾರದ ಮಧ್ಯಾಹ್ನಗಳನ್ನು ವಾರ್ತಾಪತ್ರಕ್ಕೆ ಕೊಡುವುದು ಅಬ್ಬಾರಿಗೆ ಇಷ್ಟವಿಲ್ಲ. ಬೇಡ ಎಂದು ಹೇಳುವುದಿಲ್ಲ, ಕ್ಯಾಲೆಂಡರಿನತ್ತ ನೋಡುತ್ತಾರೆ. ಹಾಗಾಗಿ ಮೌಲಾನಾ ಖೈರುದ್ದೀನರ ಮನೆಯಲ್ಲಿ ಏನಾಗಿರಬಹುದು ಎಂದು ನನಗೆ ಸ್ವಲ್ಪ ಊಹೆ ಇದೆ.

ಆ ಮನೆಯ ಮಕ್ಕಳ ಆಟವನ್ನು ಆಜಾದರ ಅಕ್ಕ ಫಾತಿಮಾ ಬೇಗಂ ಮುಂದೆ ನೆನಪಿಸಿಕೊಂಡಿದ್ದಾರೆ. ಮನೆಯ ಪೆಟ್ಟಿಗೆಗಳನ್ನೆಲ್ಲ ಸಾಲಾಗಿ ಇಟ್ಟು ರೈಲು ಮಾಡುವುದು, ತಂದೆಯ ಮುಂಡಾಸು ಸುತ್ತಿಕೊಂಡು ಅದರ ಮೇಲೆ ಕೂರುವುದು, ದೆಹಲಿಯ ಮೌಲಾನಾ ಬರುತ್ತಿದ್ದಾರೆ ದಾರಿ ಬಿಡಿ ಎಂದು ಅಕ್ಕಂದಿರಿಂದ ಕೂಗಿಸುವುದು. ಜನರೇ ಇಲ್ಲವಲ್ಲ, ಯಾರನ್ನು ಸರಿಸುವುದು ಎಂದು ಅಕ್ಕಂದಿರು ಕೇಳಿದರೆ, ಸಾವಿರಾರು ಜನ ನಿಲ್ದಾಣಕ್ಕೆ ಬಂದಿದ್ದಾರೆಂದು ತಿಳಿದುಕೊಳ್ಳಿ ಎಂದು ತಾಕೀತು. ಕಥೆ ಹೇಳುವವನಿಗೆ ಬೇಕಾದ ಮೊದಲ ಗುಣ ಆಗಲೇ ಇತ್ತು ಎನ್ನಬೇಕು. ಕೇಳುವವರಿಗೆ ಇಲ್ಲದ ಗುಂಪನ್ನು ಕಾಣಿಸುವುದು ಸಣ್ಣ ಮಾತಲ್ಲ.

ಅವರ ಪತ್ರಿಕೆಯ ಕಲಿಕೆ ಶುರುವಾದದ್ದು ಕಾವ್ಯದಿಂದ. 1899ರಲ್ಲಿ, ಹನ್ನೊಂದರ ಆಸುಪಾಸಿನ ವಯಸ್ಸಿನಲ್ಲಿ, ‘ನೈರಂಗೆ ಆಲಂ’ ಎಂಬ ಹೆಸರಿನ ಕಾವ್ಯ ಪತ್ರಿಕೆ ಹೊರಡಿಸಿದರು. ಬೇರೆ ಬೇರೆ ಕವಿಗಳ ಗಝಲ್‌ಗಳನ್ನು ತರಿಸಿ, ಆರಿಸಿ, ಒಟ್ಟಿಗೆ ಅಚ್ಚು ಹಾಕುವ ಗುಲ್ದಸ್ತಾ ಎಂಬ ಬಗೆಯ ಪತ್ರಿಕೆಗಳು ಆಗ ಬಹಳ ಇದ್ದವು. ಇದೂ ಅಂಥದ್ದೇ. ಕೆಲವೇ ತಿಂಗಳು ನಡೆದು ನಿಂತಿತು. ಆಮೇಲೆ ‘ಅಲ್ ಮಿಸ್ಬಾಹ್’ ಎಂಬ ವಾರಪತ್ರಿಕೆ ಬಂತು, ಅದೂ ನಿಂತಿತು. ನಾನಾ ಇದನ್ನು ಹೇಳುವಾಗ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಏಳನೇ ಕ್ಲಾಸಿಗೆ ಮೊದಲು ಇವರ ಎರಡು ಪತ್ರಿಕೆಗಳು ಮುಚ್ಚಿದ್ದವು.

ನಿಂತುಹೋದ ಪತ್ರಿಕೆಗಳನ್ನು ನಾವು ಭಾಷಣಗಳಲ್ಲಿ ಹಾರಿಸಿಬಿಡುತ್ತೇವೆ. ನಾನೂ ಹಾರಿಸಿದ್ದೆ. ಆದರೆ ಅವರ ನಿಜವಾದ ವಿದ್ಯಾಭ್ಯಾಸ ಅಲ್ಲೇ ಆಗಿದೆ ಎಂದು ಈಗ ನನಗೆ ಅನಿಸುತ್ತದೆ. ಗಝಲ್ ಸಂಗ್ರಹ ಮಾಡುವವನು ಯಾವುದನ್ನು ತೆಗೆದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಆರಿಸಬೇಕು. ತನಗಿಂತ ಮೂರು ಪಟ್ಟು ವಯಸ್ಸಿನ ಕವಿಯ ಗಝಲನ್ನು ವಾಪಸು ಕಳಿಸಬೇಕು. ಕಾತಿಬ್ ಬರೆದುಕೊಟ್ಟದ್ದನ್ನು ಅಕ್ಷರ ಅಕ್ಷರ ನೋಡಿ ತಿದ್ದಬೇಕು. ಸಮಯಕ್ಕೆ ಸರಿಯಾಗಿ ಅಂಚೆಗೆ ಹಾಕಬೇಕು. ಈ ವರ್ಷ ನಮ್ಮ ವಾರ್ತಾಪತ್ರಕ್ಕೆ ಬಂದ 41 ಕವಿತೆಗಳಲ್ಲಿ 9ನ್ನು ಆರಿಸಿದ ಮೇಲೆ ನನ್ನ ಜೊತೆ ಮಾತು ಬಿಟ್ಟವರು ಇದನ್ನು ಓದುತ್ತಿದ್ದರೆ ಅವರಿಗೂ ಗೊತ್ತಿರಲಿ, ಆ ಕೆಲಸ ಸುಲಭವಲ್ಲ.

ತಮ್ಮ ಪತ್ರಿಕೆ ಇಲ್ಲದ ದಿನಗಳಲ್ಲಿ ಅವರು ಬೇರೆಯವರ ಪತ್ರಿಕೆಗಳಿಗೆ ಬರೆದರು. ಆ ಕಾಲದ ದೊಡ್ಡ ಉರ್ದು ಮಾಸಿಕವೆಂದರೆ ಲಾಹೋರಿನ ‘ಮಖ್ಝನ್’. ಅದರಲ್ಲಿ 1902ರಲ್ಲಿ ಆಜಾದರ ಒಂದು ಲೇಖನ ಬಂತು. ಲೇಖನದ ವಿಷಯವೇ ಪತ್ರಿಕಾ ಬರವಣಿಗೆಯ ಕಲೆ. ಬರೆದವನ ವಯಸ್ಸು 13. ಇದನ್ನು ಕೇಳಿ ನನಗೆ ಮೊದಲು ಸ್ವಲ್ಪ ಸಿಟ್ಟೇ ಬಂತು. ಹದಿಮೂರು ವರ್ಷದ ಹುಡುಗ ದೊಡ್ಡವರಿಗೆ ಪತ್ರಿಕೆ ನಡೆಸುವುದನ್ನು ಹೇಳಿಕೊಡುವುದೆಂದರೇನು? ಆದರೆ ಅಷ್ಟು ಹೊತ್ತಿಗೆ ಎರಡು ಪತ್ರಿಕೆ ನಡೆಸಿ ಕೈ ಸುಟ್ಟುಕೊಂಡವನು ಅವನು ಎಂದು ನಾನಾ ನೆನಪಿಸಿದರು.

1903ರ ನವೆಂಬರಿನಲ್ಲಿ ‘ಲಿಸಾನುಸ್ಸಿದ್ಕ್’ ಬಂತು. ಸತ್ಯದ ನಾಲಿಗೆ ಎಂದು ಅದರ ಅರ್ಥ. ಆಗ ಅವರಿಗೆ 15. ನಮ್ಮಲ್ಲಿ ಪ್ರಥಮ ಪಿಯುಸಿಗೆ ಅರ್ಜಿ ಹಾಕುವ ವಯಸ್ಸು. ಈ ಮಾಸಿಕ ಮೊದಲಿನವುಗಳಂತೆ ಬರೀ ಕವಿತೆಯದ್ದಲ್ಲ. ಸಮಾಜ ಸುಧಾರಣೆ, ಉರ್ದು ಭಾಷೆಯ ಬೆಳವಣಿಗೆ, ಸಾಹಿತ್ಯಾಭಿರುಚಿ, ಪುಸ್ತಕ ವಿಮರ್ಶೆ ಎಂದು ನಾಲ್ಕು ಉದ್ದೇಶಗಳನ್ನು ಹೇಳಿಕೊಂಡೇ ಅದು ಶುರುವಾಯಿತು. ಉರ್ದು ಬಲ್ಲ ಹಿರಿಯರು ಅದನ್ನು ಓದಿ, ಸಂಪಾದಕರು ಯಾರೋ ಪಳಗಿದ ವಿದ್ವಾಂಸರಿರಬೇಕು ಎಂದುಕೊಂಡರು. 1904ರಲ್ಲಿ ಲಾಹೋರಿನ ಅಂಜುಮನ್ ಹಿಮಾಯತೆ ಇಸ್ಲಾಂ ಸಂಸ್ಥೆಯ ವಾರ್ಷಿಕ ಸಭೆಗೆ ಅವರನ್ನು ಕರೆದಾಗ ವೇದಿಕೆಗೆ ಬಂದದ್ದು ಗಡ್ಡವೂ ಸರಿಯಾಗಿ ಮೂಡದ ಹುಡುಗ. ಕವಿ ಹಾಲಿ ಅವರಿಗೆ ಲಿಸಾನುಸ್ಸಿದ್ಕ್‌ನ ಸಂಪಾದಕ ಇವನೇ ಎಂದು ನಂಬಲು ಕಷ್ಟವಾಯಿತು. ಮುಂಬಯಿಯಲ್ಲಿ ಅಲ್ಲಾಮಾ ಶಿಬ್ಲಿ ನುಅಮಾನಿ ಅವರನ್ನು ಭೇಟಿಯಾದಾಗಲಂತೂ, ಬಂದಿರುವುದು ಆಜಾದರ ಮಗ ಎಂದೇ ಶಿಬ್ಲಿ ತಿಳಿದರಂತೆ.

ಇದೇ ವರ್ಷಗಳಲ್ಲಿ ಅವರು ಸರ್ ಸೈಯದ್ ಅಹ್ಮದ್ ಖಾನರ ಬರಹಗಳನ್ನು ಓದಿದರು. ಆಧುನಿಕ ವಿಜ್ಞಾನ, ತತ್ವಶಾಸ್ತ್ರ, ಸಾಹಿತ್ಯ ಓದದೆ ಈ ಕಾಲದಲ್ಲಿ ಒಬ್ಬನನ್ನು ವಿದ್ಯಾವಂತ ಎನ್ನಲಾಗದು ಎಂದು ಅವರಿಗೆ ಅನಿಸಿತು. ಅದಕ್ಕೆ ಇಂಗ್ಲಿಷ್ ಬೇಕು. ಮನೆಯಲ್ಲಿ ಅದಕ್ಕೆ ಜಾಗವಿಲ್ಲ. ಪರಿಚಯದ ಒಬ್ಬ ಮೌಲವಿಯವರಿಂದ ಇಂಗ್ಲಿಷ್ ಅಕ್ಷರಮಾಲೆ ಕಲಿತರು, ಮಕ್ಕಳ ಮೊದಲ ಪುಸ್ತಕ ಓದಿದರು. ಆಮೇಲೆ ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ಬೈಬಲಿನ ಇಂಗ್ಲಿಷ್, ಪಾರ್ಸಿ, ಉರ್ದು ಪ್ರತಿಗಳನ್ನು ತಂದು ಪಕ್ಕಪಕ್ಕದಲ್ಲಿ ತೆರೆದಿಟ್ಟರು. ಗೊತ್ತಿರುವ ಎರಡು ಭಾಷೆಗಳಿಂದ ಗೊತ್ತಿಲ್ಲದ ಮೂರನೆಯದರ ಅರ್ಥ ಬಿಡಿಸುತ್ತಾ ಹೋದರು. ಅದು ಹಿಡಿತಕ್ಕೆ ಬಂದ ಮೇಲೆ ಡಿಕ್ಷನರಿ ಇಟ್ಟುಕೊಂಡು ಇಂಗ್ಲಿಷ್ ಪತ್ರಿಕೆಗಳನ್ನು ಓದತೊಡಗಿದರು. ಮಾತನಾಡುವುದಕ್ಕಿಂತ ಓದಲಿಕ್ಕೆಂದು ಕಲಿತ ಇಂಗ್ಲಿಷ್ ಅದು. ನಾನು ಅದೇ ರೀತಿ ಒಂದು ಸುದ್ದಿಯನ್ನು ಕನ್ನಡ, ಉರ್ದು, ಇಂಗ್ಲಿಷ್ ಪತ್ರಿಕೆಗಳಲ್ಲಿ ಹುಡುಕಿ ಪಕ್ಕಪಕ್ಕ ಇಟ್ಟು ನೋಡಿದೆ. ಉರ್ದು ಓದು ಸ್ವಲ್ಪ ಸುಧಾರಿಸಿತು. ಇನ್ನೊಂದು ವಿಷಯವೂ ಕಂಡಿತು: ಒಂದೇ ರಸ್ತೆ ಅಪಘಾತಕ್ಕೆ ಮೂರು ಪತ್ರಿಕೆಗಳಲ್ಲಿ ಮೂರು ಬೇರೆ ಬೇರೆ ಸಮಯ ಇತ್ತು.

ಆ ಓದಿನ ಜೊತೆಗೇ ಅವರೊಳಗೆ ದೊಡ್ಡ ತಳಮಳವೂ ಶುರುವಾಯಿತು. ಮನೆತನದಿಂದ ಬಂದ ನಂಬಿಕೆಗಳನ್ನು, ಹಿರಿಯರು ಹೇಳಿದ್ದೆಂಬ ಒಂದೇ ಕಾರಣಕ್ಕೆ ಒಪ್ಪಲು ಅವರಿಂದ ಆಗಲಿಲ್ಲ. ಎಷ್ಟೋ ಕಾಲ ಸಂಶಯದಲ್ಲೇ ಕಳೆದರು. ಕೊನೆಗೆ ತಾನೇ ಹುಡುಕಿ ನಂಬಿಕೆಗೆ ಮರಳಿದರು. ಆಜಾದ್ ಎಂಬ ಕಾವ್ಯನಾಮಕ್ಕೆ ಅವರು ಕೊಟ್ಟ ಅರ್ಥ ಇದೇ. ಬ್ರಿಟಿಷರಿಂದ ಬಿಡುಗಡೆ ಎಂಬ ಅರ್ಥದಲ್ಲಿ ಇಟ್ಟುಕೊಂಡ ಹೆಸರೆಂದು ನಾನು ತಿಳಿದಿದ್ದೆ, ಭಾಷಣದಲ್ಲೂ ಹಾಗೇ ಹೇಳಿದ್ದೆ. ಅದು ಪರಂಪರೆಯಿಂದ ಕೈಗೆ ಬಂದದ್ದನ್ನು ಕಣ್ಣುಮುಚ್ಚಿ ಒಪ್ಪುವ ಕಟ್ಟಿನಿಂದ ಬಿಡುಗಡೆ. ಎರಡನೇ ತಪ್ಪು ಇದು.

ನಂತರ ಶಿಬ್ಲಿಯವರು ಅವರನ್ನು ಲಖನೌಗೆ ಕರೆಸಿ ‘ಅನ್ನದ್ವಾ’ ಪತ್ರಿಕೆಯ ಕೆಲಸ ವಹಿಸಿದರು. ಅಲ್ಲಿಂದ ಅಮೃತಸರದ ‘ವಕೀಲ್’ ಪತ್ರಿಕೆಗೆ ಹೋದರು. ನಡುವೆ ಅಣ್ಣ ತೀರಿಕೊಂಡರು, 1908ರಲ್ಲಿ ತಂದೆ ತೀರಿಕೊಂಡರು. ಆ ಸುಮಾರಿಗೇ ಇರಾಕ್, ಈಜಿಪ್ಟ್, ಸಿರಿಯಾ, ಟರ್ಕಿಗಳ ಪ್ರವಾಸ. ಕೈರೋದಲ್ಲಿ ಅವರು ಭೇಟಿ ಮಾಡಿದವರಲ್ಲಿ ಅಲ್ಲಿ ಕೇಂದ್ರ ಮಾಡಿಕೊಂಡು ವಾರಪತ್ರಿಕೆ ಹೊರಡಿಸುತ್ತಿದ್ದ ತುರ್ಕಿ ಯುವಕರೂ ಇದ್ದರು. ಓದಲು ಹೋಗಿರಲಿಲ್ಲ ನಿಜ, ಆದರೆ ಬರಿಗೈಯಲ್ಲಿ ವಾಪಸು ಬರಲೂ ಇಲ್ಲ.

1912ರ ಜುಲೈ 13ರಂದು ಕಲ್ಕತ್ತಾದಿಂದ ‘ಅಲ್ ಹಿಲಾಲ್’ ವಾರಪತ್ರಿಕೆ ಹೊರಬಂತು. ಸಂಪಾದಕರಿಗೆ ಆಗ 23. ಅದು ಏಕೆ ಅಷ್ಟು ಹೊಸದಾಗಿ ಕಂಡಿತು ಎಂದು ತಿಳಿಯಲು ಆಗಿನ ಮುದ್ರಣ ತಿಳಿಯಬೇಕು. ಉರ್ದು ಪತ್ರಿಕೆಗಳನ್ನು ಕಾತಿಬರು ಕೈಯಲ್ಲಿ ಬರೆದು, ಆ ಬರಹವನ್ನು ಕಲ್ಲಿಗೆ ಇಳಿಸಿ ಅಚ್ಚು ತೆಗೆಯುತ್ತಿದ್ದರು. ಆಜಾದರು ಲೋಹದ ಅಚ್ಚಿನ ಮೊಳೆ ಬಳಸಿದರು, ಚೆನ್ನಾದ ಚಿತ್ರಗಳನ್ನು ಹಾಕಿದರು. ಪುಟದ ವಿನ್ಯಾಸದಲ್ಲಿ ಈಜಿಪ್ಟ್ ಮತ್ತು ಟರ್ಕಿಯ ಪತ್ರಿಕೆಗಳ ಮಾದರಿ ಇತ್ತು. ಟ್ರಿಪೋಲಿ ಯುದ್ಧ, ಬಾಲ್ಕನ್ ಯುದ್ಧದ ಸುದ್ದಿಗಳು ಬಂದವು. ಬ್ರಿಟಿಷ್ ಆಡಳಿತದ ವಿರುದ್ಧ ನಿಲ್ಲಬೇಕು, ಸ್ವಾತಂತ್ರ್ಯದ ಹೋರಾಟದಲ್ಲಿ ಮುಸ್ಲಿಮರು ಹಿಂದೆ ಉಳಿಯಬಾರದು ಎಂದು ಅದು ವಾರ ವಾರ ಹೇಳಿತು. ಎರಡೇ ವರ್ಷಗಳಲ್ಲಿ ವಾರಕ್ಕೆ 26,000 ಪ್ರತಿಗಳು ಹೋಗುತ್ತಿದ್ದವು. ಒಂದು ಪ್ರತಿಯನ್ನು ಒಬ್ಬ ಓದುವುದು, ಸುತ್ತ ಹತ್ತು ಜನ ಕೂತು ಕೇಳುವುದು ಆಗಿನ ರೂಢಿ.

ನಾನಾ ಅಲ್ ಹಿಲಾಲ್‌ನ ಕೆಲವು ಪುಟಗಳನ್ನು ಗಟ್ಟಿಯಾಗಿ ಓದಿದರು. ಧ್ವನಿ ಗುಡುಗಿನಂತಿತ್ತು, ಅರ್ಥ ನನಗೆ ಅರ್ಧವೂ ಆಗಲಿಲ್ಲ. ಅರಬಿ, ಪಾರ್ಸಿ ಪದಗಳು ಒಂದರ ಮೇಲೊಂದು ಬರುತ್ತವೆ. ನಾನಾರಿಗೆ ಅದು ಬಹಳ ಪ್ರಿಯ. ನನಗೆ ಹಾಗೆ ಅನಿಸಲಿಲ್ಲ ಎಂದು ಇಲ್ಲಿ ಬರೆದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ನಂಬಿದ್ದೇನೆ. ಜನರನ್ನು ಎಬ್ಬಿಸುವ ಬರವಣಿಗೆ ಅದು. ಸಭೆಯಲ್ಲಿ ನಿಂತು ಕೂಗಿ ಹೇಳಿದಂತಿದೆ, ಪಕ್ಕದಲ್ಲಿ ಕೂತು ಹೇಳಿದಂತಿಲ್ಲ.

ಸರಕಾರಕ್ಕಂತೂ ಅರ್ಥವಾಗಿತ್ತು. 1910ರ ಪತ್ರಿಕಾ ಕಾಯ್ದೆಯ ಪ್ರಕಾರ ಪತ್ರಿಕೆ ನಡೆಸುವವರಿಂದ ಭದ್ರತಾ ಠೇವಣಿ ಕೇಳಬಹುದಿತ್ತು, ಬರೆದದ್ದು ಹಿಡಿಸದಿದ್ದರೆ ಅದನ್ನು ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು. ಮೊದಲು 2,000 ರೂಪಾಯಿ ಕೇಳಿದರು, ಅದು ಹೋಯಿತು. ಆಮೇಲೆ 10,000 ಕೇಳಿದರು. 1914ರ ನವೆಂಬರಿನಲ್ಲಿ ಅಲ್ ಹಿಲಾಲ್ ನಿಂತಿತು. ಮುಂದಿನ ವರ್ಷ ‘ಅಲ್ ಬಲಾಗ್’ ಎಂದು ಹೆಸರು ಬದಲಿಸಿ ಮತ್ತೆ ಶುರು ಮಾಡಿದರು. ಈ ಸಲ ಸರಕಾರ ಠೇವಣಿ ಕೇಳುವ ಗೋಜಿಗೆ ಹೋಗದೆ, 1916ರಲ್ಲಿ ಸಂಪಾದಕರನ್ನೇ ಬಂಗಾಳದಿಂದ ಹೊರಹಾಕಿತು. ಪಂಜಾಬ್, ದೆಹಲಿ, ಸಂಯುಕ್ತ ಪ್ರಾಂತ, ಮುಂಬಯಿ ಸರಕಾರಗಳು ಮೊದಲೇ ಅವರಿಗೆ ಪ್ರವೇಶ ನಿರಾಕರಿಸಿದ್ದವು. ಉಳಿದದ್ದು ಬಿಹಾರ. ರಾಂಚಿಗೆ ಹೋದರು, ಅಲ್ಲಿಯೇ 1919ರ ಕೊನೆಯವರೆಗೆ ನಿರ್ಬಂಧದಲ್ಲಿದ್ದರು. ತಪಾಸಣೆಗಳಲ್ಲಿ ಪೊಲೀಸರು ಅವರ ಕುರ್‌ಆನ್ ಅನುವಾದ ಮತ್ತು ವ್ಯಾಖ್ಯಾನದ ಹಸ್ತಪ್ರತಿಗಳನ್ನೂ ಒಯ್ದರು, ವರ್ಷಗಳ ಕೆಲಸವನ್ನು ಮತ್ತೆ ಮೊದಲಿನಿಂದ ಬರೆಯಬೇಕಾಯಿತು. ಒಂದು ಅಸೈನ್‌ಮೆಂಟ್ ಫೈಲು ಬಸ್ಸಿನಲ್ಲಿ ಕಳೆದುಹೋದಾಗ ಎರಡು ದಿನ ಊಟ ಬಿಟ್ಟವಳು ನಾನು, ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಅಲ್ಲಿಂದ ಮುಂದಿನದ್ದು ನಿಮಗೆ ಗೊತ್ತು. ಗಾಂಧೀಜಿಯವರ ಜೊತೆ ಅಸಹಕಾರ ಚಳವಳಿ, ಮತ್ತೆ ಮತ್ತೆ ಜೈಲು, 1923ರಲ್ಲಿ 35ರ ಒಳಗೇ ಕಾಂಗ್ರೆಸ್ ಅಧ್ಯಕ್ಷತೆ, 1940ರಿಂದ 1946ರವರೆಗೆ ಮತ್ತೊಮ್ಮೆ. ದೇಶ ವಿಭಜನೆಯನ್ನು ಕೊನೆಯವರೆಗೂ ವಿರೋಧಿಸಿದರು. ಸ್ವತಂತ್ರ ಭಾರತದ ಮೊದಲ ಶಿಕ್ಷಣ ಸಚಿವರಾಗಿ ತೀರಿಕೊಳ್ಳುವವರೆಗೂ, ಅಂದರೆ 1958ರ ಫೆಬ್ರುವರಿ 22ರವರೆಗೆ ಕೆಲಸ ಮಾಡಿದರು. ಖರಗ್‌ಪುರದ ಮೊದಲ ಐಐಟಿ, ಯುಜಿಸಿ, ಸಾಹಿತ್ಯ ಅಕಾಡೆಮಿ, ಸಂಗೀತ ನಾಟಕ ಅಕಾಡೆಮಿ, ಲಲಿತ ಕಲಾ ಅಕಾಡೆಮಿ ಎಲ್ಲ ಅವರ ಕಾಲದವು. ಶಾಲೆಯ ಮೆಟ್ಟಿಲು ಹತ್ತದವರು ದೇಶದ ಶಾಲೆಗಳನ್ನೆಲ್ಲ ನೋಡಿಕೊಂಡರು.

ನಾನು ಹೇಳಬೇಕೆಂದಿರುವುದು ಗುಬ್ಬಚ್ಚಿಗಳ ವಿಷಯ.

1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಠರಾವು ಆದ ಕೂಡಲೇ ಆಜಾದ್, ನೆಹರೂ, ಪಟೇಲ್ ಮತ್ತಿತರರನ್ನು ಬಂಧಿಸಿ ಅಹ್ಮದ್‌ನಗರದ ಕೋಟೆಯಲ್ಲಿಟ್ಟರು. ಅಲ್ಲಿ ಆಜಾದರು ತಮ್ಮ ಗೆಳೆಯ ಹಬೀಬುರ್ರಹ್ಮಾನ್ ಖಾನ್ ಶೇರ್ವಾನಿ ಅವರಿಗೆ ಪತ್ರಗಳನ್ನು ಬರೆದರು. ಪೋಸ್ಟ್ ಮಾಡಲು ಸಾಧ್ಯವಿರಲಿಲ್ಲ. ಬರೆದು ಇಟ್ಟುಕೊಂಡರು. ಅವೇ 1946ರಲ್ಲಿ ‘ಗುಬಾರೆ ಖಾತಿರ್’ ಎಂಬ ಪುಸ್ತಕವಾಗಿ ಬಂದವು. ನಾನಾರ ಬಳಿ ಇರುವ ಪ್ರತಿಯ ಹೊದಿಕೆ ಕಿತ್ತುಹೋಗಿದೆ, ಹಳೆಯ ಕ್ಯಾಲೆಂಡರ್ ಹಾಳೆ ಸುತ್ತಿದ್ದಾರೆ. ಅದರಲ್ಲಿ ನಸುಕಿನಲ್ಲಿ ಎದ್ದು ತಾವೇ ಚಹಾ ಮಾಡಿಕೊಂಡದ್ದರ ಬಗ್ಗೆ ಪುಟಗಟ್ಟಲೆ ಇದೆ. ಸಂಗೀತದ ಬಗ್ಗೆ ಇದೆ, ಹುಡುಗನಾಗಿದ್ದಾಗ ಸಿತಾರ್ ಕಲಿತದ್ದು ಕೂಡ.

ಮತ್ತೆ ಗುಬ್ಬಚ್ಚಿಗಳು. ಕೋಣೆಯ ಸೂರಿನಲ್ಲಿ ಅವು ಗೂಡು ಕಟ್ಟಿ ಕಸ ಬೀಳಿಸುತ್ತಿದ್ದವು. ಮೌಲಾನಾ ಮೊದಲು ಕೊಡೆ ಹಿಡಿದು, ಆಮೇಲೆ ಬಿದಿರಿನ ಕೋಲು ಹಿಡಿದು ಅವುಗಳ ಮೇಲೆ ಯುದ್ಧ ಸಾರುತ್ತಾರೆ. ದೊಡ್ಡ ಸೇನಾಪತಿಯ ಯುದ್ಧವನ್ನು ವರ್ಣಿಸುವ ಗಾಂಭೀರ್ಯದಲ್ಲೇ ಇದನ್ನು ಬರೆಯುತ್ತಾರೆ. ಗೆದ್ದೆ ಎಂದುಕೊಂಡು ಕೋಲು ಕೆಳಗಿಟ್ಟರೆ ಸೈನ್ಯ ವಾಪಸು ಬಂದಿರುತ್ತದೆ. ಸೋತು ಸಂಧಾನಕ್ಕೆ ಇಳಿದು ಅಕ್ಕಿ ಕಾಳು ಹಾಕುತ್ತಾರೆ. ಕಾಳಿನ ತಟ್ಟೆ ದಿನಾ ಸ್ವಲ್ಪ ಸ್ವಲ್ಪ ಹತ್ತಿರ ಬರುತ್ತದೆ, ಕೊನೆಗೆ ಹಕ್ಕಿಗಳು ಅಂಗೈಗೇ ಬಂದು ತಿನ್ನುತ್ತವೆ. ಒಂದಕ್ಕೆ ಮೋತಿ ಎಂದು, ಒಂದಕ್ಕೆ ಕಲಂದರ್ ಎಂದು, ಎದೆ ಸೆಟೆಸಿ ನಡೆಯುವ ಇನ್ನೊಂದಕ್ಕೆ ಮುಲ್ಲಾ ಎಂದು ಹೆಸರಿಡುತ್ತಾರೆ. ನಾನಾ ಓದುತ್ತಾ ಓದುತ್ತಾ ನಕ್ಕರು, ಒಳಗಿನಿಂದ ನಾನಿಯೂ ಬಂದು ಕೂತರು. ಇಲ್ಲಿ ನನಗೆ ಅರ್ಥವಾಗದ ಪದಗಳಿರಲಿಲ್ಲವೇ? ಇದ್ದವು. ಕಥೆ ನಿಲ್ಲಲಿಲ್ಲ ಅಷ್ಟೇ.

ಅದೇ ಪುಸ್ತಕದಲ್ಲಿ 1943ರ ಏಪ್ರಿಲ್ ತಿಂಗಳ ಪತ್ರವೊಂದಿದೆ. ಅವರ ಹೆಂಡತಿ ಝುಲೇಖಾ ಬೇಗಂ ಕಲ್ಕತ್ತಾದಲ್ಲಿ ಕಾಯಿಲೆ ಬಿದ್ದಿದ್ದರು. ಸರಕಾರಕ್ಕೆ ಏನಾದರೂ ವಿನಂತಿ ಇದ್ದರೆ ಕಳಿಸಿಕೊಡುವುದಾಗಿ ಜೈಲಿನ ಅಧಿಕಾರಿ ಹೇಳಿದರು. ಇವರು ಕೇಳಿಕೊಳ್ಳಲಿಲ್ಲ. ಜೈಲಿನ ದಿನಚರಿಯಲ್ಲಿ ಯಾವ ಬದಲಾವಣೆಯನ್ನೂ ಮಾಡಿಕೊಳ್ಳಲಿಲ್ಲ. ದಿನಾ ಅಧಿಕಾರಿಯೇ ಪತ್ರಿಕೆ ತಂದುಕೊಡುತ್ತಿದ್ದರು. ಕಾಲ ಸಪ್ಪಳ ಕೇಳಿದ ಕೂಡಲೇ ಎದೆ ಹೊಡೆದುಕೊಳ್ಳುತ್ತಿದ್ದರೂ, ಆತುರವಿಲ್ಲದವರಂತೆ ಕೂತು, ಮೆಲ್ಲಗೆ ಪತ್ರಿಕೆ ಎತ್ತಿಕೊಳ್ಳುತ್ತಿದ್ದುದನ್ನು ಅವರೇ ಬರೆದಿದ್ದಾರೆ. ಅದೆಲ್ಲ ತೋರಿಕೆ, ಒಳಗಿನ ಅಹಂಕಾರದ ಆಟ ಎಂದು ತಮ್ಮ ಮೇಲೆಯೇ ಆರೋಪ ಹೊರಿಸಿಕೊಳ್ಳುತ್ತಾರೆ. ಸಾವಿನ ಸುದ್ದಿ ಬಂದಾಗಲೂ ಅವರು ಜೈಲಿನಲ್ಲೇ ಇದ್ದರು. ಕೋಟೆಯ ಆವರಣದಲ್ಲಿ ಯಾರದ್ದೋ ಒಂದು ಹಳೆಯ ಗೋರಿ ಇತ್ತು. ನೂರಾರು ಸಲ ನೋಡಿದ್ದ ಆ ಗೋರಿಯನ್ನು ಈಗ ನೋಡಿದರೆ ಅದರ ಜೊತೆ ಹೊಸದೊಂದು ನಂಟು ಹುಟ್ಟಿದಂತಿದೆ ಎಂದು ಆ ಪತ್ರದಲ್ಲಿ ಇದೆ.

ನಾನಾ ಇದನ್ನು ಓದಿ ಪುಸ್ತಕ ಮುಚ್ಚಿಟ್ಟರು, ಆ ದಿನ ಮುಂದೆ ಓದಲಿಲ್ಲ. 26,000 ಪ್ರತಿಗಳಿಗೆ ಬರೆದ ಮನುಷ್ಯ, ಕಳಿಸಲಾಗದ ಒಂದು ಪತ್ರದಲ್ಲಿ ತನ್ನ ತೋರಿಕೆಯನ್ನೇ ವರದಿ ಮಾಡಿದ್ದಾರೆ. ಅಲ್ ಹಿಲಾಲ್‌ಗಿಂತ ನನಗೆ ಇದು ದೊಡ್ಡ ಪತ್ರಿಕೋದ್ಯಮವಾಗಿ ಕಂಡಿತು. ಮೇಡಂ ಇದನ್ನು ಒಪ್ಪಲಿಲ್ಲ. ಅಲ್ ಹಿಲಾಲ್‌ನ ಅವಸರದಲ್ಲಿ ವಾರ ವಾರ ಬರೆಯದಿದ್ದರೆ ಈ ನಿಧಾನ ಬರುತ್ತಿರಲಿಲ್ಲ ಎಂದರು. ಇರಬಹುದು.

ಲೇಖನ ಕೊಟ್ಟಾಗ ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು: ತಪ್ಪಿನ ವಿಷಯವನ್ನು ಅಚ್ಚು ಹಾಕಬೇಕೇ, ತೆಗೆದುಬಿಡಬಹುದೇ? ಯಾರಿಗೂ ಗೊತ್ತಿಲ್ಲವಲ್ಲ. ನಾನು ಒಂದು ದಿನ ಸಮಯ ಕೇಳಿದೆ. ಶೋಕೇಸಿನ ಗಾಜಿಗೆ ಅಂಟಿಸಿದ ಪುಟದ ವಿಷಯವನ್ನು ಅಮ್ಮಿಗೆ ಮೊದಲು ಹೇಳಬೇಕಿತ್ತು. ಅವರು ಪುಟ ತೆಗೆಯಲು ಒಪ್ಪಲಿಲ್ಲ. ಫೋಟೋ ಚೆನ್ನಾಗಿದೆ, ಸಾಲು ಬೇಕಾದರೆ ಹೊಡೆದುಹಾಕು ಎಂದರು. ಅಬ್ಬಾ ತಾವೇ ಪೆನ್ನು ತಂದುಕೊಟ್ಟರು. ಆ ದಿನ ಕ್ಯಾಲೆಂಡರ್ ನೋಡಲಿಲ್ಲ.

ಹೋದ ವರ್ಷದ ಸಂಚಿಕೆ ನಿಮ್ಮಲ್ಲಿ ಯಾರ ಬಳಿಯಾದರೂ ಇದ್ದರೆ, ನನ್ನ ಭಾಷಣದ ಮೂರನೇ ಪ್ಯಾರಾದಲ್ಲಿ ಅಲ್ ಅಝ್‌ಹರ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಪಡೆದರು ಎಂದಿರುವುದನ್ನು ಹೊಡೆದುಹಾಕಿ, ತಂದೆಯಿಂದಲೂ ಮನೆಗೆ ಬಂದ ಗುರುಗಳಿಂದಲೂ ಕಲಿತರು ಎಂದು ಓದಿಕೊಳ್ಳಬೇಕು. ಐದನೇ ಪ್ಯಾರಾದಲ್ಲಿ ಆಜಾದ್ ಎಂಬ ಹೆಸರಿಗೆ ಕೊಟ್ಟಿರುವ ಅರ್ಥವನ್ನೂ ಮೇಲೆ ಹೇಳಿದಂತೆ ತಿದ್ದಿಕೊಳ್ಳಬೇಕು.